ವೆಲ್ಷ್‌ಪೂಲ್‌ಗೆ ಹೋದವರು ಏನನ್ನು ನೋಡಬೇಕು: ಕೋಟೆಯೋ, ಪುಟ್ಟ ರೈಲೋ, ಕಾಲುವೆ ದಂಡೆಯೋ, ದೂರದ ಜಲಪಾತವೋ?

ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ನೆಲೆಸಿರುವ ಕನ್ನಡಿಗ ಕುಟುಂಬಗಳಿಂದಲೂ, ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಊರಿನಿಂದ ಬರುವ ಹಿರಿಯರಿಂದಲೂ ನನಗೆ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ ರೂಪದ್ದು. ವೇಲ್ಸ್‌ನ ವೆಲ್ಷ್‌ಪೂಲ್ ಹತ್ತಿರದ ಕೋಟೆಯಲ್ಲಿ ಟಿಪ್ಪು ಸುಲ್ತಾನನ ವಸ್ತುಗಳಿವೆ ಎಂದು ಕೇಳಿದ್ದೇವೆ, ಅಲ್ಲಿ ಉಗಿಬಂಡಿಯೂ ಇದೆಯಂತೆ, ಜಲಪಾತವೂ ಇದೆಯಂತೆ, ನಮಗಿರುವುದು ಒಂದೇ ದಿನ, ಯಾವುದನ್ನು ಹಿಡಿಯೋಣ, ಯಾವುದನ್ನು ಬಿಡೋಣ ಎಂಬುದು ಆ ಪ್ರಶ್ನೆ. ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಆದರೆ ಅಳತೆಗೋಲುಗಳನ್ನು ಮೊದಲು ನಿಶ್ಚಯಿಸಿಕೊಂಡರೆ ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ತಾವೇ ಕಂಡುಕೊಳ್ಳಬಹುದು ಎಂಬುದು ಅಲ್ಲಿಗೆ ಹಲವು ಬಾರಿ ಹೋಗಿಬಂದ ನನ್ನ ಅನುಭವ.

ಊರಿನ ಬಗ್ಗೆ ಎರಡು ಮಾತು ಹೇಳಿ ಮುಂದುವರಿಯುತ್ತೇನೆ. ವೆಲ್ಷ್‌ಪೂಲ್ ಮಧ್ಯ ವೇಲ್ಸ್‌ನ ಪೊವಿಸ್ ಸೀಮೆಯಲ್ಲಿ, ಸೆವರ್ನ್ ನದಿಯ ಬಯಲಿನಲ್ಲಿ, ಇಂಗ್ಲೆಂಡಿನ ಗಡಿಯಿಂದ ಆರೇಳು ಕಿಲೋಮೀಟರ್ ಒಳಗಿರುವ ಸಂತೆಪೇಟೆ. ಏಳು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಈ ಊರಿಗೆ ಸಂತೆ ನಡೆಸುವ ಸನ್ನದು ದೊರೆತದ್ದು 1263ರಲ್ಲಿ, ಪೊವಿಸ್‌ನ ವೆಲ್ಷ್ ಅರಸ ಗ್ರಿಫಿದ್ ಅಪ್ ಗ್ವೆನ್ವಿನ್ವಿನ್‌ನಿಂದ. ಹಿಂದೆ ಇದರ ಹೆಸರು ಬರಿಯ 'ಪೂಲ್' ಎಂದಿತ್ತು. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಪೂಲ್ ಎಂಬ ಊರಿನೊಂದಿಗೆ ಗೊಂದಲವಾಗದಿರಲೆಂದು 1835ರಲ್ಲಿ 'ವೆಲ್ಷ್' ಎಂಬುದು ಸೇರಿತು. ಇಂದಿಗೂ ಸೋಮವಾರ ಇಲ್ಲಿ ಜಾನುವಾರು ಸಂತೆ ನಡೆಯುತ್ತದೆ, ಯುರೋಪಿನ ದೊಡ್ಡ ಕುರಿಸಂತೆಗಳಲ್ಲಿ ಒಂದೆಂಬ ಹೆಸರು ಅದಕ್ಕಿದೆ. ಬರ್ಮಿಂಗ್‌ಹ್ಯಾಮ್‌ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಶ್ರೂಸ್‌ಬರಿಯಿಂದ ಅರ್ಧ ಗಂಟೆಗೂ ಕಡಿಮೆ. ಲಂಡನ್ನಿನಿಂದ ಬರುವವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಬದಲಾಯಿಸಿಕೊಳ್ಳಬೇಕಾಗುತ್ತದೆ, ಅವರಿಗೆ ಒಂದು ರಾತ್ರಿಯ ವಾಸ್ತವ್ಯ ಅಗತ್ಯವೆಂದೇ ನನ್ನ ಅಭಿಪ್ರಾಯ.

ಇನ್ನು ಅಳತೆಗೋಲುಗಳು. ಮೊದಲನೆಯದು ಹಣವಲ್ಲ, ವಾಹನ. ಸ್ವಂತ ಅಥವಾ ಬಾಡಿಗೆ ಕಾರಿದೆಯೇ ಇಲ್ಲವೇ ಎಂಬುದರ ಮೇಲೆ ನಿಮ್ಮ ಪಟ್ಟಿಯ ಅರ್ಧ ಭಾಗ ನಿರ್ಧಾರವಾಗಿಬಿಡುತ್ತದೆ, ಏಕೆಂದರೆ ಕೋಟೆ, ಪುಟ್ಟ ರೈಲು, ಕಾಲುವೆ ಇವು ಮೂರೂ ರೈಲು ನಿಲ್ದಾಣದಿಂದ ನಡೆದು ಹೋಗುವ ದೂರದಲ್ಲಿವೆ. ಸರೋವರ ಮತ್ತು ಜಲಪಾತಗಳಿಗೆ ಕಾರಿಲ್ಲದೆ ಹೋಗುವ ಯೋಚನೆಯನ್ನೇ ಮಾಡಬಾರದು. ಎರಡನೆಯದು ನಿಮ್ಮೊಂದಿಗಿರುವವರ ಕಾಲುಗಳ ಶಕ್ತಿ: ಎಪ್ಪತ್ತು ದಾಟಿದ ತಂದೆತಾಯಿಯೋ, ತಳ್ಳುಗಾಡಿಯಲ್ಲಿರುವ ಮಗುವೋ, ಏನನ್ನಾದರೂ ಹತ್ತಲು ಕಾದಿರುವ ಹತ್ತು ವರ್ಷದವರೋ? ಮೂರನೆಯದು ಮಳೆ ಮತ್ತು ಋತು. ಚಳಿಗಾಲದಲ್ಲಿ ಪುಟ್ಟ ರೈಲು ಬಹುತೇಕ ವಿಶ್ರಮಿಸುತ್ತದೆ, ಕೋಟೆಯ ಉದ್ಯಾನದಲ್ಲಿ ಹೂವು ಇರುವುದಿಲ್ಲ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಅವಧಿಯೇ ಈ ಕಡೆಯ ಪ್ರವಾಸಕ್ಕೆ ಸರಿಯಾದ ಕಾಲ. ನಾಲ್ಕನೆಯದಾಗಿ ಹಣ ಬರುತ್ತದೆ, ಅದು ಬರುವುದು ಎರಡೇ ಕಡೆ. ಕೋಟೆ ಮತ್ತು ಪುಟ್ಟ ರೈಲು ಎರಡಕ್ಕೂ ಗಣನೀಯ ಟಿಕೆಟ್ ದರವಿದೆ. ನಾಲ್ವರ ಕುಟುಂಬ ಒಂದೇ ದಿನ ಎರಡಕ್ಕೂ ಕೊಟ್ಟರೆ ಜೇಬಿಗೆ ಭಾರವೆನಿಸುತ್ತದೆ. ಉಳಿದವುಗಳಲ್ಲಿ ಹೆಚ್ಚಿನವು ಉಚಿತ. ಕೊನೆಯ ಅಳತೆಗೋಲನ್ನು ಜನ ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ: ನೀವು ಹೋಗುತ್ತಿರುವುದು ಯಾವುದಕ್ಕಾಗಿ? ಶ್ರೀರಂಗಪಟ್ಟಣದ ಒಂದು ತುಣುಕನ್ನು ಕಣ್ಣಾರೆ ಕಾಣುವುದಕ್ಕೋ, ಮಕ್ಕಳಿಗೆ ಒಂದು ಸಂತೋಷದ ದಿನ ಕೊಡುವುದಕ್ಕೋ, ಅಥವಾ ವಾರದ ಕೆಲಸದಿಂದ ದಣಿದ ಮನಸ್ಸಿಗೆ ಹಸಿರು ತೋರಿಸುವುದಕ್ಕೋ?

ಮೊದಲು ಪೊವಿಸ್ ಕೋಟೆ. ಇದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಕನ್ನಡಿಗರು ವೆಲ್ಷ್‌ಪೂಲ್‌ಗೆ ಬರಲು ಮುಖ್ಯ ಕಾರಣ ಇದು. ಊರಿನ ದಕ್ಷಿಣಕ್ಕೆ, ಕೆಂಪು ಮರಳುಗಲ್ಲಿನ ದಿಣ್ಣೆಯ ಮೇಲೆ ನಿಂತಿರುವ ಈ ಕಟ್ಟಡದ ಮೂಲ ಹದಿಮೂರನೆಯ ಶತಮಾನದ್ದು. ಸಂತೆಯ ಸನ್ನದು ಕೊಟ್ಟ ಅದೇ ಗ್ರಿಫಿದ್‌ನ ಕಾಲದ್ದು. 1587ರಲ್ಲಿ ಹರ್ಬರ್ಟ್ ಮನೆತನದ ಸರ್ ಎಡ್ವರ್ಡ್ ಇದನ್ನು ಕೊಂಡ. ಆ ಮನೆತನದ ಹೆಣ್ಣುಮಗಳು ಹೆನ್ರಿಯೆಟ್ಟಾ 1784ರಲ್ಲಿ ಮದುವೆಯಾದದ್ದು ಎಡ್ವರ್ಡ್ ಕ್ಲೈವ್‌ನನ್ನು, ಅಂದರೆ ಪ್ಲಾಸಿ ಕದನದ ರಾಬರ್ಟ್ ಕ್ಲೈವ್‌ನ ಮಗನನ್ನು. ಈ ಎಡ್ವರ್ಡ್ 1798ರಿಂದ 1803ರವರೆಗೆ ಮದರಾಸಿನ ಗವರ್ನರ್ ಆಗಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದಾಗ ಮದರಾಸಿನ ಕೋಟೆಯಲ್ಲಿ ಅಧಿಕಾರದಲ್ಲಿದ್ದವನು ಇವನೇ. ಅರಮನೆಯ ಲೂಟಿ ಹಂಚಿಹೋದ ದಾರಿಗಳಲ್ಲಿ ಒಂದು ಹೀಗೆ ಸೆವರ್ನ್ ನದಿಯ ದಂಡೆಯವರೆಗೆ ಬಂದು ತಲುಪಿತು.

ಕೋಟೆಯೊಳಗಿನ ಕ್ಲೈವ್ ಸಂಗ್ರಹಾಲಯ ಎಂಬ ಕೊಠಡಿಯಲ್ಲಿ ತಂದೆ ಮತ್ತು ಮಗ ಇಬ್ಬರ ಕಾಲದ ಭಾರತೀಯ ವಸ್ತುಗಳಿವೆ: ಆಯುಧಗಳು, ದಂತದ ಕೆತ್ತನೆಗಳು, ಬೆಳ್ಳಿ ಬಂಗಾರದ ಸಾಮಾನುಗಳು, ಬಟ್ಟೆಗಳು, ನಮ್ಮ ದೇವರುಗಳ ವಿಗ್ರಹಗಳು. ಕನ್ನಡಿಗರ ಕಣ್ಣು ಹುಡುಕುವುದು ಮೂರನ್ನು. ಒಂದು, ಟಿಪ್ಪುವಿನ ಸಿಂಹಾಸನವನ್ನು ಅಲಂಕರಿಸಿದ್ದ ರತ್ನಖಚಿತ ಚಿನ್ನದ ಹುಲಿತಲೆಗಳಲ್ಲಿ ಒಂದು. ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದು. ಸಿಂಹಾಸನವನ್ನು ಗೆದ್ದವರು ತುಂಡು ತುಂಡಾಗಿ ಒಡೆದು ಹಂಚಿಕೊಂಡರು, ಆ ತುಂಡುಗಳು ಇಂದು ಬೇರೆ ಬೇರೆ ಕಡೆ ಇವೆ. ಎರಡು, ಅವನದೆನ್ನಲಾದ ಖಡ್ಗ. ಮೂರು, ಅವನ ಗುಡಾರ. ಬಿಳಿಯ ಹತ್ತಿಬಟ್ಟೆಯ ಮೇಲೆ ಕಮಾನುಗಳು, ಪ್ರತಿ ಕಮಾನಿನೊಳಗೆ ಒಂದು ಹೂದಾನಿ, ಹೂದಾನಿಯಿಂದ ಎರಡೂ ಬದಿಗೆ ಸಮನಾಗಿ ಹರಡಿದ ಕೆಂಪು ಹೂಗಳು ಹಸಿರು ಎಲೆಗಳು. ಇನ್ನೂರೈವತ್ತು ವರ್ಷ ದಾಟಿದ ಈ ಬಣ್ಣಗಳು ಇನ್ನೂ ಹಸಿಯಾಗಿ ಕಾಣುತ್ತವೆ. ಈ ಗುಡಾರವನ್ನು ಇಲ್ಲಿಗೆ ತಂದ ಮೇಲೆ ಕುಟುಂಬದವರು ಉದ್ಯಾನದ ಔತಣಗಳಿಗೆ ಚಪ್ಪರವಾಗಿ ಬಳಸಿದರು ಎಂಬ ಸಂಗತಿಯನ್ನು ತಿಳಿದು ಅದರ ಮುಂದೆ ನಿಂತಾಗ ನನಗಾದ ಸಂಕಟವನ್ನು ಇಲ್ಲಿ ಮುಚ್ಚಿಡುವುದಿಲ್ಲ. ರಣರಂಗಕ್ಕೂ ರಾಜಸಭೆಗೂ ನೆರಳಾಗಿದ್ದ ಬಟ್ಟೆ ಅದು. ಕಲಂಕಾರಿ, ಚೀಟಿಬಟ್ಟೆಗಳ ಕುಸುರಿಯನ್ನು ಬಲ್ಲವರು ಈ ಒಂದು ವಸ್ತುವಿಗಾಗಿಯೇ ಬಂದರೂ ಪ್ರಯಾಣ ನಷ್ಟವಾಗದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಸೈನಿಕನ ಮೇಲೆ ಎರಗಿರುವ, ಯಂತ್ರದಿಂದ ಗರ್ಜಿಸುವ ಮರದ ಹುಲಿಯನ್ನು ನೋಡುವ ಆಸೆಯಿಂದ ಇಲ್ಲಿಗೆ ಬರುವವರು ಅನೇಕರು. ಅದು ಇಲ್ಲಿಲ್ಲ, ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸಿಂಹಾಸನದ ಮೇಲಿದ್ದ, ಹುಮಾ ಎಂಬ ಕಾಲ್ಪನಿಕ ಪಕ್ಷಿಯ ರತ್ನಖಚಿತ ಮೂರ್ತಿಯೂ ಇಲ್ಲಿಲ್ಲ, ಅದು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಎರಡನೆಯ ಎಚ್ಚರಿಕೆ ಬೆಳಕಿಗೆ ಸಂಬಂಧಿಸಿದ್ದು. ಹಳೆಯ ಬಟ್ಟೆಗೆ ಬೆಳಕು ಶತ್ರು. ಹಾಗಾಗಿ ಒಳಗೆ ಮಬ್ಬು ಬೆಳಕಿರುತ್ತದೆ, ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು. ಮೊದಲ ಸಲ ಹೋದಾಗ ಬೆಳಿಗ್ಗೆ ಪುಟ್ಟ ರೈಲಿನಲ್ಲಿ ಸುತ್ತಾಡಿ, ಮಧ್ಯಾಹ್ನದ ಕೊನೆಯಲ್ಲಿ ಕೋಟೆಗೆ ಓಡಿ ಹೋಗಿದ್ದೆ. ಕಣ್ಣು ಮಬ್ಬಿಗೆ ಹೊಂದಿಕೊಳ್ಳುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಯಿತು. ಅಂದಿನಿಂದ ನಾನು ಹೇಳುತ್ತ ಬಂದಿರುವ ಸಲಹೆ ಇದು: ಕೋಟೆ ಮತ್ತು ಉಗಿಬಂಡಿ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಟಿಕೆಟ್ ಕೊಟ್ಟು ನೋಡುವುದು ದಿನಕ್ಕೆ ಒಂದೇ ಇರಲಿ, ಅದರ ಜೊತೆಗೆ ಉಚಿತವಾದದ್ದೊಂದು ಇರಲಿ.

ಹೆನ್ರಿಯೆಟ್ಟಾಳ ಬಗ್ಗೆ ಒಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ಅವಳು ಗಂಡನೊಂದಿಗೆ ಮದರಾಸಿಗೆ ಬಂದವಳು ಸುಮ್ಮನೆ ಕೂರಲಿಲ್ಲ. ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ತಿಂಗಳುಗಟ್ಟಲೆ ದಕ್ಷಿಣ ಭಾರತವನ್ನು ಸುತ್ತಿದಳು. ಬೆಂಗಳೂರಿನಲ್ಲಿ ಟಿಪ್ಪುವಿನ ಅರಮನೆಯಲ್ಲಿಯೇ ತಂಗಿದಳು, ಶ್ರೀರಂಗಪಟ್ಟಣವನ್ನು ಕಂಡಳು; ದಾರಿಯುದ್ದಕ್ಕೂ ಗಿಡಬೀಜ, ಕಲ್ಲು, ಕುತೂಹಲದ ವಸ್ತುಗಳನ್ನು ಕೂಡಿಸಿದಳು. ಮಗಳು ಚಾರ್ಲೆಟ್ ಬರೆದ ದಿನಚರಿ ಉಳಿದಿದೆ. ಬೆಂಗಳೂರಿನ ಕೋಟೆ ಪ್ರದೇಶದ ಬೇಸಿಗೆ ಅರಮನೆಯ ಮರದ ಕಂಬಗಳನ್ನು ನೋಡಿದ್ದವರಿಗೆ ಪೊವಿಸ್‌ನ ಕೋಣೆಗಳಲ್ಲಿ ನಡೆಯುವಾಗ ಈ ನಂಟು ಬೇರೆಯೇ ರೀತಿಯಲ್ಲಿ ತಟ್ಟುತ್ತದೆ.

ಟಿಪ್ಪುವನ್ನು ಬದಿಗಿಟ್ಟು ನೋಡಿದರೂ ಕೋಟೆ ಟಿಕೆಟ್ಟಿಗೆ ತಕ್ಕ ಬೆಲೆ ಕೊಡುತ್ತದೆ, ಅದಕ್ಕೆ ಕಾರಣ ಉದ್ಯಾನ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಬಂಡೆಯ ಇಳಿಜಾರನ್ನು ಕಡಿದು, ಇಟಲಿಯ ಮಾದರಿಯಲ್ಲಿ ಒಂದರ ಕೆಳಗೊಂದರಂತೆ ಉದ್ದನೆಯ ಜಗಲಿಗಳನ್ನು ಕಟ್ಟಿದ್ದಾರೆ. ಮೇಲಿನ ಜಗಲಿಯ ಯೂ ಮರಗಳು ಮುನ್ನೂರು ವರ್ಷಗಳಿಂದ ಕತ್ತರಿ ಕಂಡು ಮೋಡದ ಗುಡ್ಡೆಗಳಂತೆ ಉಬ್ಬಿ ಗೋಡೆಯ ಮೇಲೆ ಬಾಗಿವೆ. ಅವುಗಳ ಕೆಳಗೆ ಸೀಸದ ಕುರುಬ ಕುರುಬಿತಿಯರ ಪ್ರತಿಮೆಗಳು, ಅವುಗಳ ಕೆಳಗೆ ಹೂವಿನ ಪಾತಿ. ಇಂತಹ ಬರೋಕ್ ಕಾಲದ ಜಗಲಿ ಉದ್ಯಾನಗಳು ಬ್ರಿಟನ್ನಿನಲ್ಲಿ ಬಹುಪಾಲು ಅಳಿದುಹೋಗಿವೆ, ಮುಂದಿನ ಶತಮಾನದ ರುಚಿ ಬದಲಾದಾಗ ಎಲ್ಲರೂ ಕೆಡವಿದರು, ಇಲ್ಲಿ ಉಳಿದುಕೊಂಡಿತು. ಎದುರಿನ ದಿಣ್ಣೆಗೆ ನಡೆದು ಅಲ್ಲಿಂದ ಹಿಂತಿರುಗಿ ನೋಡಿದರೆ ಕೆಂಪು ಕೋಟೆ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಸಿರು, ಅದರ ಆಚೆ ಸೆವರ್ನ್ ಬಯಲು ಎಲ್ಲವೂ ಒಟ್ಟಿಗೆ ಕಾಣುತ್ತವೆ. ಒಳಗೆ ಸಮಯವಿದ್ದವರು 1660ರ ದಶಕದ ರಾಜಶಯ್ಯಾಗಾರವನ್ನೂ, ಉದ್ದನೆಯ ಮೊಗಸಾಲೆಯನ್ನೂ ತಪ್ಪಿಸಿಕೊಳ್ಳಬಾರದು.

ಕೋಟೆಯ ವಿರುದ್ಧ ಹೇಳಬೇಕಾದದ್ದು ಹತ್ತಿಳಿಯುವ ಕಷ್ಟ. ಊರಿನಿಂದ ಜಿಂಕೆವನದ ಮೂಲಕ ನಡೆದು ಹೋಗುವ ದಾರಿ ಸೊಗಸಾಗಿದೆ, ರೈಲು ನಿಲ್ದಾಣದಿಂದ ಸುಮಾರು ಎರಡು ಕಿಲೋಮೀಟರ್; ಆದರೆ ಕೊನೆಯ ಭಾಗ ಏರು. ಉದ್ಯಾನದ ಜಗಲಿಗಳ ನಡುವೆ ಕಡಿದಾದ ದಾರಿಗಳೂ ಮೆಟ್ಟಿಲುಗಳೂ ಇವೆ, ಮಳೆ ಬಂದರೆ ಜಾರುತ್ತವೆ. ಮಂಡಿನೋವು ಇರುವವರು ಮೇಲಿನ ಜಗಲಿಯಲ್ಲಿಯೇ ಕುಳಿತು ನೋಡುವುದು ಒಳ್ಳೆಯದು. ನೋಟದ ಮುಕ್ಕಾಲು ಪಾಲು ಅಲ್ಲಿಂದಲೇ ದಕ್ಕುತ್ತದೆ. ಕೋಟೆಯು 1952ರಿಂದ, ಹಳೆಯ ಕಟ್ಟಡ ಉದ್ಯಾನಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ದತ್ತಿಸಂಸ್ಥೆಯ ಕೈಯಲ್ಲಿದೆ. ಬ್ರಿಟನ್ನಿನಲ್ಲಿಯೇ ವಾಸಿಸುವವರು ವರ್ಷಕ್ಕೆ ಇಂತಹ ಮೂರು ನಾಲ್ಕು ಸ್ಥಳಗಳಿಗೆ ಹೋಗುವ ಅಭ್ಯಾಸವಿಟ್ಟುಕೊಂಡಿದ್ದರೆ ಟ್ರಸ್ಟ್‌ನ ಕುಟುಂಬ ಸದಸ್ಯತ್ವವನ್ನು ಲೆಕ್ಕ ಹಾಕಿ ನೋಡಲಿ, ಏಕೆಂದರೆ ಸದಸ್ಯರಿಗೆ ಪ್ರವೇಶ ಉಚಿತ. ಊರಿನಿಂದ ಬಂದ ಅತಿಥಿಗಳಿಗೆ ಮಾತ್ರ ಟಿಕೆಟ್ ಕೊಂಡರೆ ಸಾಕಾಗುತ್ತದೆ. ಕೋಟೆಯ ಒಳಭಾಗ ಉದ್ಯಾನಕ್ಕಿಂತ ತಡವಾಗಿ ತೆರೆಯುವ, ಬೇಗ ಮುಚ್ಚುವ ದಿನಗಳುಂಟು. ಹೊರಡುವ ಮುನ್ನ ಒಳಭಾಗದ ಸಮಯವನ್ನು ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಿ.

ಈಗ ವೆಲ್ಷ್‌ಪೂಲ್ ಮತ್ತು ಲ್ಯಾನ್‌ವೈರ್ ಲಘು ರೈಲು. ಮಕ್ಕಳೊಂದಿಗೆ ಬರುವವರಿಗೆ, ಮಳೆಯ ದಿನ ಬರುವವರಿಗೆ, ಹೆಚ್ಚು ನಡೆಯಲಾರದವರಿಗೆ ನನ್ನ ಮೊದಲ ಶಿಫಾರಸು ಇದು. ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಉಗಿ ಎಂಜಿನ್ ಎಳೆಯುವ ಈ ಬಂಡಿ ಊರಿನ ಪಶ್ಚಿಮದ ಅಂಚಿನಲ್ಲಿರುವ ರೇವನ್ ಸ್ಕ್ವೇರ್ ನಿಲ್ದಾಣದಿಂದ ಹೊರಟು, ಸುಮಾರು ಹದಿನಾಲ್ಕು ಕಿಲೋಮೀಟರ್ ಸಾಗಿ ಲ್ಯಾನ್‌ವೈರ್ ಕರೈನಿಯನ್ ಎಂಬ ಹಳ್ಳಿಯನ್ನು ಮುಟ್ಟುತ್ತದೆ. ಒಂದು ಕಡೆಗೆ ಮುಕ್ಕಾಲು ಗಂಟೆಯ ಮೇಲೆ ಹಿಡಿಯುತ್ತದೆ. 1903ರಲ್ಲಿ ಶುರುವಾದಾಗ ಇದರ ಉದ್ದೇಶ ಪ್ರವಾಸವಾಗಿರಲಿಲ್ಲ. ಬೆಟ್ಟದ ಹಳ್ಳಿಗಳ ರೈತರು ಕುರಿ, ಕಟ್ಟಿಗೆ, ಧಾನ್ಯಗಳನ್ನು ಸಂತೆಗೆ ತರಲೆಂದು, ಕಲ್ಲಿದ್ದಲು ಸುಣ್ಣಗಳನ್ನು ಹಿಂದಕ್ಕೆ ಒಯ್ಯಲೆಂದು ಕಟ್ಟಿದ ಹಾದಿ ಇದು. ಖರ್ಚು ಉಳಿಸಲು ಬೆಟ್ಟವನ್ನು ಕೊರೆಯದೆ ನೆಲದ ಏರಿಳಿತಕ್ಕೆ ತಕ್ಕಂತೆ ಹಳಿ ಹಾಕಿದರು. ಅದರಿಂದಾಗಿ ಹೊರಟ ಕೂಡಲೇ ಗಾಲ್ಫಾ ಏರು ಎದುರಾಗುತ್ತದೆ. ಸುಮಾರು ಮೂವತ್ತು ಅಡಿಗೆ ಒಂದು ಅಡಿಯಷ್ಟು ಕಡಿದಾದ ಆ ಏರನ್ನು ಎಂಜಿನ್ ಏದುಸಿರು ಬಿಡುತ್ತ ಹತ್ತುವ ಸದ್ದು ಮಕ್ಕಳಿಗೆ ಇಡೀ ದಿನದ ನೆನಪಾಗಿ ಉಳಿಯುತ್ತದೆ.

1931ರಲ್ಲಿ ಪ್ರಯಾಣಿಕರ ಸೇವೆ ನಿಂತಿತು, 1956ರಲ್ಲಿ ಸರಕು ಸಾಗಣೆಯೂ ನಿಂತಿತು. 1963ರಲ್ಲಿ ಸ್ವಯಂಸೇವಕರು ಅದನ್ನು ಮತ್ತೆ ಓಡಿಸಿದರು, ಆದರೆ ಊರಿನ ಮನೆಗಳ ನಡುವಿನ ಹಳಿಯನ್ನು ಉಳಿಸಿಕೊಳ್ಳಲಾಗಲಿಲ್ಲ. 1981ರಲ್ಲಿ ರೇವನ್ ಸ್ಕ್ವೇರ್‌ನಲ್ಲಿ ಹೊಸ ನಿಲ್ದಾಣ ಮಾಡಿಕೊಂಡರು. ಇದರ ಪರಿಣಾಮ ಇಂದಿನ ಪ್ರವಾಸಿಗನ ಮೇಲೂ ಇದೆ: ಮುಖ್ಯ ರೈಲು ನಿಲ್ದಾಣ ಊರಿನ ಒಂದು ತುದಿ, ಪುಟ್ಟ ರೈಲಿನ ನಿಲ್ದಾಣ ಇನ್ನೊಂದು ತುದಿ, ನಡುವೆ ಒಂದೂವರೆ ಕಿಲೋಮೀಟರ್‌ಗೂ ಹೆಚ್ಚಿನ ನಡಿಗೆ. ಆರಂಭದಿಂದಲೂ ಈ ಹಾದಿಯಲ್ಲಿ ದುಡಿದ 'ದಿ ಅರ್ಲ್' ಮತ್ತು 'ದಿ ಕೌಂಟೆಸ್' ಎಂಬ 1902ರ ಎರಡು ಎಂಜಿನ್‌ಗಳು ಇನ್ನೂ ಇವರ ಬಳಿಯೇ ಇವೆ. ಆಸ್ಟ್ರಿಯಾದಿಂದ ತಂದ ಹಳೆಯ ಡಬ್ಬಿಗಳ ತುದಿಯಲ್ಲಿ ತೆರೆದ ಜಗಲಿಗಳಿವೆ, ಅಲ್ಲಿ ನಿಂತು ಹೋಗುವ ಜಾಗಕ್ಕೆ ಬೇಡಿಕೆ ಹೆಚ್ಚು. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಂದು ಕಾಲದಲ್ಲಿ ಓಡುತ್ತಿದ್ದ ಕಿರುಹಳಿಯ ಬಂಡಿಯನ್ನು ಕಂಡಿರುವ ಹಿರಿಯರು ನಿಮ್ಮೊಂದಿಗಿದ್ದರೆ ಅವರನ್ನು ಇಲ್ಲಿಗೆ ಕರೆತನ್ನಿ; ಆ ಹಳಿಯೂ ಇದೇ ಎರಡೂವರೆ ಅಡಿಯ ಅಳತೆಯದು.

ರೈಲಿನ ಕೊರತೆ ಎಂದರೆ ಅದು ಪ್ರತಿದಿನ ಓಡುವುದಿಲ್ಲ, ಓಡುವ ದಿನವೂ ಹೊರಡುವುದು ಕೆಲವೇ ಬಾರಿ. ಬರ್ಮಿಂಗ್‌ಹ್ಯಾಮ್‌ನಿಂದ ಬರುವ ದೊಡ್ಡ ರೈಲಿನ ವೇಳೆಗೂ ಇದರ ವೇಳೆಗೂ ಹೊಂದಾಣಿಕೆ ಇರಲೇಬೇಕೆಂದಿಲ್ಲ. ವೇಳಾಪಟ್ಟಿಯನ್ನು ಮೊದಲು ನೋಡಿ, ಆಮೇಲೆ ದೊಡ್ಡ ರೈಲಿನ ಟಿಕೆಟ್ ಕೊಳ್ಳಿ. ಇನ್ನೊಂದು ಮಾತು: ದೃಶ್ಯ ಸೌಮ್ಯವಾದದ್ದು, ಕುರಿಗಳ ಹುಲ್ಲುಗಾವಲು, ಬಾನ್ವಿ ಹೊಳೆ, ಸಣ್ಣ ಸೇತುವೆಗಳು. ಎದೆ ನಡುಗಿಸುವ ಕಣಿವೆ, ಸುರಂಗಗಳ ಪರ್ವತ ರೈಲನ್ನು ಬಯಸುವವರು ಇನ್ನೂ ಪಶ್ಚಿಮಕ್ಕೆ, ಸ್ನೋಡೋನಿಯಾ ಕಡೆಗೆ ಹೋಗಬೇಕು.

ಇವೆರಡರ ಜೊತೆಗೆ ಇಟ್ಟುಕೊಳ್ಳಬಹುದಾದ ಉಚಿತ ಆಯ್ಕೆಗಳಲ್ಲಿ ಮೊದಲನೆಯದು ಮಾಂಟ್‌ಗೊಮರಿ ಕಾಲುವೆ. ಊರಿನ ನಡುವೆಯೇ ಹಾದುಹೋಗುವ ಇದು 1790ರ ದಶಕದಲ್ಲಿ ಸುಣ್ಣಕಲ್ಲು ಸಾಗಿಸಲು ತೋಡಲು ಆರಂಭಿಸಿದ ಕಾಲುವೆ. 1936ರಲ್ಲಿ ದಂಡೆ ಒಡೆದ ಮೇಲೆ ದುರಸ್ತಿಯಾಗದೆ, 1944ರಲ್ಲಿ ಅಧಿಕೃತವಾಗಿ ಕೈಬಿಡಲ್ಪಟ್ಟಿತು. ಅದರ ಹಾಸಿನ ಮೇಲೆಯೇ ಹೆದ್ದಾರಿ ಹಾಕುವ ಯೋಜನೆ ಬಂದಾಗ, 1969ರ ಅಕ್ಟೋಬರ್‌ನಲ್ಲಿ ನೂರಾರು ಸ್ವಯಂಸೇವಕರು ಸೇರಿ ಹೂಳೆತ್ತಿ, ಕಾಲುವೆ ಇನ್ನೂ ಬದುಕಬಲ್ಲದೆಂದು ತೋರಿಸಿಕೊಟ್ಟರು. ರಸ್ತೆ ಬೇರೆಡೆಗೆ ಹೋಯಿತು. ದೋಣಿಗಳ ಓಡಾಟ ಕಡಿಮೆಯಾದ್ದರಿಂದ ನೀರು ತಿಳಿಯಾಗಿ, ಅಪರೂಪದ ಜಲಸಸ್ಯಗಳಿಗೆ ಇಂದು ಇದು ಆಸರೆಯಾಗಿದೆ. ದಂಡೆಯ ದಾರಿ ಸಮತಟ್ಟು, ತಳ್ಳುಗಾಡಿಗೂ ಅನುಕೂಲ. ಬುತ್ತಿ ಕಟ್ಟಿಕೊಂಡು ಬಂದವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಶುದ್ಧ ಸಸ್ಯಾಹಾರಿಗಳಿಗೆ ಈ ಊರಿನಲ್ಲಿ ಆಯ್ಕೆ ಕಡಿಮೆ, ಆದ್ದರಿಂದ ಚಿತ್ರಾನ್ನವೋ ಚಪಾತಿಯೋ ಚೀಲದಲ್ಲಿರಲಿ.

ಊರೊಳಗೆ ಅರ್ಧ ಗಂಟೆ ಉಳಿದರೆ ನ್ಯೂ ಸ್ಟ್ರೀಟ್ ಬಳಿಯ ಕೋಳಿ ಅಂಕದ ಮನೆಯನ್ನು ನೋಡಿ. ಹದಿನೆಂಟನೆಯ ಶತಮಾನದ ಈ ಇಟ್ಟಿಗೆ ಕಟ್ಟಡ, ಕೋಳಿ ಅಂಕ ನಿಷೇಧವಾಗುವವರೆಗೆ ಬಳಕೆಯಲ್ಲಿತ್ತು. ಕಟ್ಟಿದ ಜಾಗದಲ್ಲಿಯೇ ಇನ್ನೂ ನಿಂತಿದೆ. ಸಂತೆಯನ್ನು ನೋಡುವ ಆಸೆಯಿದ್ದರೆ ಸೋಮವಾರ ಬನ್ನಿ. ಆದರೆ ಕುರಿಗಳ ಹರಾಜು ನಡೆಯುವುದು ಊರಿನ ಹೊರಗಿನ ಬಟಿಂಗ್ಟನ್ ಬಳಿ, ಅದು ರೈತರ ಕೆಲಸದ ಜಾಗ. ದಾರಿಗೆ ಅಡ್ಡಬಾರದಂತೆ ನಿಂತು ನೋಡಬೇಕು.

ಅರ್ಧ ದಿನ ಮತ್ತು ಕಾರು ಎರಡೂ ಇರುವವರಿಗೆ ಮಾಂಟ್‌ಗೊಮರಿಯನ್ನು ಹೇಳುತ್ತೇನೆ. ದಕ್ಷಿಣಕ್ಕೆ ಹದಿಮೂರು ಕಿಲೋಮೀಟರ್‌ನಷ್ಟು ದೂರದ ಈ ಪುಟ್ಟ ಪಟ್ಟಣದ ಮೇಲೆ, ಬಂಡೆಯ ಮೂಗಿನಂತಹ ಚಾಚಿನಲ್ಲಿ, 1223ರಲ್ಲಿ ಮೂರನೆಯ ಹೆನ್ರಿ ಕಟ್ಟಿಸತೊಡಗಿದ ಕೋಟೆಯ ಅವಶೇಷಗಳಿವೆ. ಪ್ರವೇಶ ಉಚಿತ. ಪೊವಿಸ್ ಕೋಟೆ ಜನ ವಾಸಿಸುತ್ತ ಬಂದು ಅರಮನೆಯಾಗಿ ಬದಲಾಯಿತು. 1649ರಲ್ಲಿ ಕೆಡವಲ್ಪಟ್ಟ ಇದು ಕೋಟೆಯಾಗಿಯೇ ಉಳಿಯಿತು. ಆದ್ದರಿಂದ ನಿಜವಾದ ಗಡಿಕೋಟೆ ಹೇಗಿತ್ತು, ಯಾವ ಬಯಲನ್ನು ಅದು ಕಾಯುತ್ತಿತ್ತು ಎಂಬುದು ಪೊವಿಸ್‌ಗಿಂತ ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಚಿತ್ರದುರ್ಗದ ಕೋಟೆಗೋಡೆಗಳನ್ನು ಹತ್ತಿ ಬೆಳೆದವರಿಗೆ ಗಾತ್ರ ಚಿಕ್ಕದೆನಿಸಬಹುದು, ನೋಟ ಚಿಕ್ಕದಲ್ಲ. ಬಿಡುವಿಲ್ಲದವರು ಬಿಟ್ಟರೆ ದೊಡ್ಡ ನಷ್ಟವಿಲ್ಲ.

ನಡಿಗೆಯನ್ನೇ ಬಯಸುವವರಿಗೆ ಎರಡು ರಾಷ್ಟ್ರೀಯ ಕಾಲುದಾರಿಗಳು ಇಲ್ಲಿ ಸಿಗುತ್ತವೆ: ಸುಮಾರು 285 ಕಿಲೋಮೀಟರ್ ಉದ್ದದ ಆಫಾಸ್ ಡೈಕ್ ದಾರಿ ಊರಿನ ಪಕ್ಕದಲ್ಲಿ ಹಾದುಹೋಗುತ್ತದೆ, ಗ್ಲಿಂಡೂರ್ ದಾರಿ ವೆಲ್ಷ್‌ಪೂಲ್‌ನಲ್ಲಿಯೇ ಮುಗಿಯುತ್ತದೆ. ಪೂರ್ತಿ ನಡೆಯಬೇಕಿಲ್ಲ. ಈಶಾನ್ಯಕ್ಕಿರುವ ಬ್ರೈಡೆನ್ ಬೆಟ್ಟವನ್ನು ಹತ್ತಿ, ಅಡ್ಮಿರಲ್ ರಾಡ್ನಿಯ ಹೆಸರಿನ ಕಲ್ಲಿನ ಕಂಬದ ಬುಡದಲ್ಲಿ ನಿಂತರೆ ಸಾಕು, ಸೆವರ್ನ್ ಬಯಲಿನಲ್ಲಿ ಹಾವಿನಂತೆ ಹೊರಳುವುದು ಕಾಣುತ್ತದೆ. ಗಟ್ಟಿಯಾದ ಬೂಟು ಬೇಕು, ಮೋಡವಿಲ್ಲದ ದಿನ ಬೇಕು.

ಕಾರಿನವರು ಕೇಳುವ ಇನ್ನೆರಡು ಸ್ಥಳಗಳ ನಡುವಿನ ಆಯ್ಕೆ ನನಗೆ ಸ್ಪಷ್ಟವಾಗಿದೆ. ಪಿಸ್ಟಿಲ್ ರೈಆದರ್ ಜಲಪಾತ 73 ಮೀಟರ್ ಎತ್ತರದಿಂದ ಬಂಡೆಯ ಮುಖದ ಮೇಲೆ ಹಂತಹಂತವಾಗಿ ಬೀಳುತ್ತದೆ. ಜೋಗವನ್ನು ಮಳೆಗಾಲದಲ್ಲಿ ಕಂಡವರು ಅದೇ ಅಬ್ಬರವನ್ನು ನಿರೀಕ್ಷಿಸಿ ಬಂದರೆ ನಿರಾಶರಾಗುತ್ತಾರೆ. ಇದರ ಚೆಲುವು ಅಬ್ಬರದ್ದಲ್ಲ, ಕಾಡಿನ ಮೌನದಲ್ಲಿ ಒಂದೇ ಬಿಳಿಯ ಗೆರೆಯದು. ಕೊನೆಯ ಆರು ಕಿಲೋಮೀಟರ್ ರಸ್ತೆ ತೀರ ಇಕ್ಕಟ್ಟು, ಎದುರು ವಾಹನ ಬಂದರೆ ಹಿಂದಕ್ಕೆ ಚಲಾಯಿಸುವ ಧೈರ್ಯ ಇರಬೇಕು. ದಾರಿಯಲ್ಲಿನ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ವಿಲಿಯಂ ಮಾರ್ಗನ್ ಮಾಡಿದ ಬೈಬಲ್ ಅನುವಾದ 1588ರಲ್ಲಿ ಪ್ರಕಟವಾಗಿ ವೆಲ್ಷ್ ಬರಹಭಾಷೆಗೆ ನೆಲೆ ಕೊಟ್ಟಿತು. ಭಾಷೆಯ ಮೇಲೆ ಪ್ರೀತಿ ಇರುವವರು ಅಲ್ಲಿ ಐದು ನಿಮಿಷ ನಿಲ್ಲಬಹುದು. ವಿರ್ನ್ವಿ ಸರೋವರ ಇದಕ್ಕೆ ಪ್ರತಿಯಾದದ್ದು: ಲಿವರ್‌ಪೂಲ್ ನಗರಕ್ಕೆ ನೀರು ಕೊಡಲೆಂದು 1881ರಿಂದ 1888ರ ನಡುವೆ ಕಟ್ಟಿದ ಕಲ್ಲಿನ ಅಣೆಕಟ್ಟು, ಅದರಡಿ ಮುಳುಗಿದ ಲ್ಯಾನ್‌ವುದಿನ್ ಹಳ್ಳಿ, ನೀರಿನ ನಡುವೆ ರಾಜಕುಮಾರಿಯ ಕಥೆಯಿಂದ ಎದ್ದು ಬಂದಂತಹ ಒಂದು ಗೋಪುರ. ಸುತ್ತಲೂ ಕಾರಿನಲ್ಲಿಯೇ ಹೋಗಬಹುದಾದ ರಸ್ತೆ ಇದೆ. ಹಿರಿಯರಿದ್ದರೆ ಸರೋವರ, ಯುವಕರಿದ್ದರೆ ಜಲಪಾತ. ಎರಡನ್ನೂ ಒಂದೇ ದಿನ ನೋಡಬಹುದು, ಆದರೆ ಅಂದು ಕೋಟೆ ಬೇಡ.

ಹಾಗಾದರೆ ಯಾರು ಏನು ಮಾಡಬೇಕು? ಕಾರಿಲ್ಲದೆ ಒಂದು ದಿನಕ್ಕೆ ಬರುವ ದಂಪತಿ ಬೆಳಿಗ್ಗೆಯೇ ಕೋಟೆಗೆ ಹೋಗಿ, ಮೊದಲು ಸಂಗ್ರಹಾಲಯ, ಆಮೇಲೆ ಉದ್ಯಾನ ಎಂಬ ಕ್ರಮದಲ್ಲಿ ನೋಡಿ, ಸಂಜೆ ಕಾಲುವೆ ದಂಡೆಯಲ್ಲಿ ಕುಳಿತು ರೈಲು ಹಿಡಿಯಲಿ. ಹನ್ನೆರಡರೊಳಗಿನ ಮಕ್ಕಳಿರುವ ಕುಟುಂಬ, ವಿಶೇಷವಾಗಿ ಮಳೆ ಬರುವ ಸೂಚನೆಯಿದ್ದರೆ, ಪುಟ್ಟ ರೈಲನ್ನೇ ಹಿಡಿಯಲಿ. ಗುಡಾರದ ಬಟ್ಟೆಯ ಮುಂದೆ ಮಕ್ಕಳು ಐದು ನಿಮಿಷವೂ ನಿಲ್ಲುವುದಿಲ್ಲ, ಅವರು ದೊಡ್ಡವರಾದ ಮೇಲೆ ಮತ್ತೆ ಕರೆತನ್ನಿ. ಖರ್ಚಿಗೆ ಹಿಡಿತವಿರುವ ವಿದ್ಯಾರ್ಥಿಗಳು ಕಾಲುವೆ, ಜಿಂಕೆವನದ ದಾರಿ, ಬೆಟ್ಟ ಇವನ್ನೇ ಸೇರಿಸಿ ರೈಲಿನ ಟಿಕೆಟ್ ಬಿಟ್ಟು ಒಂದು ಪೈಸೆ ಖರ್ಚಿಲ್ಲದೆ ಒಳ್ಳೆಯ ದಿನ ಕಳೆಯಬಹುದು. ಎರಡು ದಿನ ಇದ್ದವರಿಗೆ ಮಾತ್ರ ಕೋಟೆಯೂ ರೈಲೂ ಎರಡೂ ಸಲ್ಲುತ್ತವೆ, ದಿನಕ್ಕೊಂದರಂತೆ.

ಇತ್ತೀಚೆಗೆ ಶ್ರೀರಂಗಪಟ್ಟಣ ಮೂಲದವರೊಬ್ಬರು, ಎಪ್ಪತ್ತೆರಡು ವರ್ಷದ ತಾಯಿಯನ್ನು ಜುಲೈ ತಿಂಗಳಲ್ಲಿ ಒಂದೇ ದಿನಕ್ಕೆ ಕರೆದೊಯ್ಯುವುದಿದೆ, ಅವರಿಗೆ ಮೆಟ್ಟಿಲು ಕಷ್ಟ, ರೈಲು ಸುಲಭವಲ್ಲವೇ ಎಂದು ಬರೆದಿದ್ದರು. ರೈಲು ಸುಲಭ, ನಿಜ. ಆದರೂ ಅವರಿಗೆ ನಾನು ಹೇಳಿದ್ದು ಕೋಟೆಯನ್ನೇ. ನಿಲ್ದಾಣಕ್ಕೆ ಟ್ಯಾಕ್ಸಿಯನ್ನು ಮುಂಚಿತವಾಗಿ ಗೊತ್ತುಮಾಡಿ ಕೋಟೆಯ ಬಾಗಿಲವರೆಗೆ ಹೋಗಿ, ಒಳಗೆ ತೆರೆಯುವ ಹೊತ್ತಿಗೆ ಸರಿಯಾಗಿ ಸಂಗ್ರಹಾಲಯದ ಕೊಠಡಿಗೆ ಕರೆದೊಯ್ಯಿರಿ, ಉಳಿದ ಕೋಣೆಗಳನ್ನು ಬಿಟ್ಟರೂ ಚಿಂತೆಯಿಲ್ಲ, ಕೆಳಗಿನ ಜಗಲಿಗಳಿಗೆ ಇಳಿಸಬೇಡಿ. ಅವರು ಆ ಗುಡಾರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂದರೂ ನಿಲ್ಲಲಿ, ಅವಸರ ಮಾಡಬೇಡಿ, ಹಿಂದಿರುಗುವ ಟ್ಯಾಕ್ಸಿಯ ಸಮಯವನ್ನು ಅದಕ್ಕೆ ತಕ್ಕಂತೆ ಒಂದು ಗಂಟೆ ತಡವಾಗಿಯೇ ಇಟ್ಟುಕೊಳ್ಳಿ.